ಹಂಡೆ ಕಾಯಲು ಕೂತ ಚಿಕ್ಕೀರ

ದೇವೀರಮ್ಮನಿಗೆ ಒಂದು ಅಭ್ಯಾಸ. ನೀರು ಕುಡಿದ ಮೇಲೆ ಚೊಂಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಗುಳಕ್ ಅಂದರೆ, ಆ ಗುಟುಕನ್ನು ಕರಿಬೇವಿನ ಬುಡಕ್ಕೆ ಹಾಕಿಯೇ ಒಳಗೆ ಬರುವುದು. ಅವರ ಬೀದಿಯ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು. ಅದೂ ಬಂದರೆ ಬಂತು. ಈಗಂತೂ ಮಗಳು ಗಂಗವ್ವ ಹೆರಿಗೆಗೆ ಬಂದು, ಹಸುಗೂಸಿನ ಜೊತೆ ಮಲಗಿದ್ದಾಳೆ. ಬಾಣಂತಿಗೆ ದಿನವೂ ಒಂದು ಹಂಡೆ ಬಿಸಿನೀರು ಆಗಲೇಬೇಕು.

ಮಗ ಚಿಕ್ಕೀರನೋ, ಮೀಸೆ ಬಂದರೂ ಬುದ್ಧಿ ಬಾರದವನು. ಹೇಳಿದ್ದಷ್ಟನ್ನೂ ಮಾಡುತ್ತಾನೆ. ಹೇಳಿದ ಹಾಗೇ ಮಾಡುತ್ತಾನೆ. ಅದೇ ಅವಳ ಕಷ್ಟ.

"ಲೋ ಮಗಾ, ಪಾತ್ರೆ ತೊಳೆದ ನೀರನ್ನ ಚರಂಡಿಗೆ ಚೆಲ್ಲಬೇಡ ಕಣೋ. ಎತ್ತಿಡು!"

"ಆಗಲಮ್ಮ!"

ಎತ್ತಿಟ್ಟ. ಎಲ್ಲಿ? ಕುಡಿಯುವ ನೀರಿನ ಡ್ರಮ್ಮಿನಲ್ಲಿ!

ದೇವೀರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಅಗುಳು ತೇಲ್ತಿದೆ ನೋಡೋ! ಮಿಕ್ಕ ನೀರನ್ನ ಗಿಡದ ಬುಡಕ್ಕೆ ಹಾಕ್ಬೇಕು, ಗಿಡದ ಬುಡಕ್ಕೆ!"

"ಆಗಲಮ್ಮ!"

ಮಾರನೆಯ ದಿನ ಅಕ್ಕನ ಸ್ನಾನವಾಯಿತು. ಹಂಡೆಯ ತಳದಲ್ಲಿ ಮಿಕ್ಕ ನೀರು ಕೊತಕೊತ ಅನ್ನುತ್ತಿತ್ತು. ಚಿಕ್ಕೀರ ತೋಡಿದ, ತಂದ, ಕರಿಬೇವಿನ ಬುಡಕ್ಕೆ ಸುರಿದ. ಸಂಜೆಯೊಳಗೆ ಗಿಡ ಜೋತುಬಿತ್ತು.

"ಗಿಡಕ್ಕೂ ಬಾಣಂತನ ಮಾಡಿದೆಯೇನೋ! ಹಂಡೆ ನೀರು ಆರಬೇಕು. ಪೂರ್ತಿ ಆರಿದ ಮೇಲೆ ಗಿಡಕ್ಕೆ ಹಾಕ್ಬೇಕು!"

"ಆಗಲಮ್ಮ!"

ಮರುದಿನ ದೇವೀರಮ್ಮ ಉಳಿದಿದ್ದ ಕೊಡಗಳನ್ನೆಲ್ಲ ಬಗ್ಗಿಸಿ ಹಂಡೆ ತುಂಬಿಸಿದಳು. ಉರಿ ಹಾಕಿ, ಮಗಳ ಮೈಗೆ ಎಣ್ಣೆ ತಿಕ್ಕಲು ಒಳಗೆ ಹೋದಳು. ಚಿಕ್ಕೀರ ಹಂಡೆ ಮುಟ್ಟಿ ನೋಡಿದ. ಬಿಸಿ! ಒಲೆಯ ಸೌದೆ ಹೊರಗೆಳೆದು ಹಾಕಿದ. ಬೀಸಣಿಗೆ ತಂದು ಬೀಸಿದ, ಬೀಸಿದ, ಬೀಸಿದ. ಆರಿತು. ಬದನೆ ಗಿಡಕ್ಕೆ ಅಷ್ಟೂ ಸುರಿದ.

ಮೈತುಂಬಾ ಎಣ್ಣೆ ಹಚ್ಚಿಕೊಂಡು ಬಂದ ಗಂಗವ್ವ, ಬರಿ ಹಂಡೆ ನೋಡಿ ಬಚ್ಚಲ ಹೊಸ್ತಿಲ ಮೇಲೇ ಕೂತುಬಿಟ್ಟಳು.

ಸುದ್ದಿ ಬೀದಿಗೆ ಮುಟ್ಟಿತು. ಎದುರುಮನೆಯ ಜಬೀನಾ ಒಂದು ಕೊಡ ಹೊತ್ತು ತಂದಳು. "ಸ್ಕೂಟರ್ ತೊಳೆಯೋಕೆ ಇಟ್ಟಿದ್ದೆ ದೇವೀರಕ್ಕ. ಒದ್ದೆ ಬಟ್ಟೇಲಿ ಒರೆಸಿದ್ರೂ ಆಗತ್ತೆ."

ಮೂಲೆಮನೆಯ ಸಾಕಮ್ಮ, "ಇವತ್ತು ಅಂಗಳಕ್ಕೆ ಪೊರಕೆ ಸಾಕು" ಅಂತ ಎರಡು ಬಿಂದಿಗೆ ಇಳಿಸಿದಳು. ಇನ್ನೊಬ್ಬರು, ಮತ್ತೊಬ್ಬರು. ಯಾರ ಮನೆಯಲ್ಲೂ ಕುಡಿಯುವ ನೀರಿಗೆ ಕೈ ಹಾಕಲಿಲ್ಲ; ಆದರೂ ಹಂಡೆ ತುಂಬಿತು. ಇಷ್ಟು ನೀರು ದಿನಾ ಎಲ್ಲಿ ಹೋಗುತ್ತಿತ್ತು ಅಂತ ಹೆಂಗಸರು ಮುಖ ಮುಖ ನೋಡಿಕೊಂಡರು.

ದೇವೀರಮ್ಮ ಮಗನ ಕಿವಿ ಹಿಂಡಿದಳು. "ಇದು ಬೀದಿಯವರೆಲ್ಲ ಕೊಟ್ಟ ನೀರು. ನಾನು ಹೊರಗಿನಿಂದ ಉರಿ ಹಾಕ್ತೀನಿ, ನೀನು ಬಚ್ಚಲಲ್ಲಿ ಕೂತು ಕಾಯಿ. ಯಾರನ್ನೂ ಬಿಡಬೇಡ. ನಾನೇ ಬಂದು ಕೇಳಿದ್ರೂ ಬಿಡಬೇಡ!"

"ಆಗಲಮ್ಮ!"

ಚಿಕ್ಕೀರ ಒಳಗಿನಿಂದ ಅಗುಳಿ ಹಾಕಿಕೊಂಡ. ನೀರು ಕಾಯಿತು.

"ಬಾಗಿಲು ತೆಗಿಯೋ, ಅಕ್ಕನಿಗೆ ನೀರು ಹಾಕ್ಬೇಕು."

"ಯಾರದು?"

"ನಾನು ಕಣೋ, ಅಮ್ಮ!"

"ಅಮ್ಮನಾದ್ರೆ ಬಿಡೋ ಹಾಗೇ ಇಲ್ಲ!"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ದೇವೀರಮ್ಮ ಬೈದಳು, ಬಾಗಿಲು ಗುದ್ದಿದಳು, ಕೊನೆಗೆ ಸೋತು ನಿಂತಳು. ನಗುವೂ ನಿಂತಿತು. ಒಳಮನೆಯಲ್ಲಿ ಕೂಸು ಅಳತೊಡಗಿತು.

ಗಂಗವ್ವ ಎಣ್ಣೆಗೆನ್ನೆಯನ್ನು ಬಾಗಿಲಿಗೆ ಒರಗಿಸಿ ಮೆಲ್ಲಗೆ ಕೇಳಿದಳು: "ತಮ್ಮಾ, ನಾನು ಕಣೋ, ಅಕ್ಕ. ಎರಡು ತಂಬಿಗೆಯಾದರೂ ಕೊಡೋ."

"ಬಿಡಬೇಡ ಅಂದಿದ್ದಾಳೆ ಅಮ್ಮ, ಕೊಡಬೇಡ ಅಂದಿಲ್ಲ!" ಅಂತ ಚಿಕ್ಕೀರ ಅಗುಳಿ ಸರಿಸಿ, ಬಾಗಿಲ ಸಂದಿಯಿಂದ ಬಿಸಿನೀರಿನ ತಂಬಿಗೆ ಚಾಚಿದ.