ದೇವೀರಮ್ಮನ ಕಿವಿಗೆ ಎರಡು ಪೆಟ್ಟಿಗೆ

ಬುದ್ಧಿ ಹಂಚುವ ದಿನ ಲೋಕದವರೆಲ್ಲ ಬಾಗಿಲ ಮುಂದೆ ಸಾಲು ನಿಂತಿದ್ದರಂತೆ. ಹೊಂಬಾಳನೂ ನಿಂತಿದ್ದನಂತೆ. ಮುಂದಿದ್ದ ಯಾವನೋ "ತಮ್ಮಾ, ನನ್ನ ಚಪ್ಪಲಿ ನೋಡಿಕೊಂಡಿರು" ಅಂದನಂತೆ. ಹೊಂಬಾಳ ಚಪ್ಪಲಿಯನ್ನೇ ನೋಡುತ್ತ ಕೂತನಂತೆ. ಬುದ್ಧಿ ಹಂಚಿ ಮುಗಿಯಿತು, ಬಾಗಿಲು ಹಾಕಿದರು, ಅವನು ಬಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಇವನು ಬರಿಗೈಯಲ್ಲಿ ಮನೆಗೆ ಬಂದ. ಅಂಥವನನ್ನು ಹೆತ್ತವಳು ದೇವೀರಮ್ಮ.

ಮಗ ಜಾಣನಾದರೆ ಅಪ್ಪನ ಹಾಗೆ ಅನ್ನುತ್ತಾರೆ. ಪೆದ್ದನಾದರೆ ತಾಯಿ ನೆಟ್ಟಗೆ ಬೆಳೆಸಲಿಲ್ಲ ಅನ್ನುತ್ತಾರೆ. ಈ ಮಾತು ಕೇಳಿ ಕೇಳಿಯೇ ದೇವೀರಮ್ಮನ ಕಿವಿ ಹೋಯಿತು ಅಂದರೂ ನಂಬಬಹುದು. ಆದರೆ ಅವಳ ಕಿವಿ ತಿಂದವನು ಗಂಡ, ಮೈಕ್‌ಸೆಟ್ ಚಿಕ್ಕೀರಪ್ಪ. ಮದುವೆಗೆ, ತಿಥಿಗೆ, ಚುನಾವಣೆಗೆ, ಎಲ್ಲದಕ್ಕೂ ಅವನದೇ ಮೈಕ್‌ಸೆಟ್ಟು. ಬಾಡಿಗೆಗೆ ಕಳಿಸುವ ಮೊದಲು ನಡುಮನೆಯಲ್ಲೇ ಹಾರ್ನ್ ಇಟ್ಟು "ಹಲೋ, ಹಲೋ" ಅಂತ ಕೂಗಿ ನೋಡುತ್ತಿದ್ದ. ಹಾರ್ನಿನ ಬಾಯಿ ಅಡುಗೆಮನೆಯ ಕಡೆಗೆ. ಅವಳ ಬಲಗಿವಿ ಪೂರಾ ಹೋಯಿತು. ಎಡಗಿವಿ ಇವತ್ತೋ ನಾಳೆಯೋ ಅಂತಿತ್ತು.

ಊರಿಗೆಲ್ಲ ದನಿ ಬಾಡಿಗೆ ಕೊಟ್ಟವನು ಹೆಂಡತಿಗೆ ಒಂದು ಮಾತು ಪುಕ್ಕಟೆ ಕೊಡಲಿಲ್ಲ. "ಅನ್ನ ಹಾಕು." "ವೈರ್ ಸುತ್ತಿಡು." ಸಂಸಾರ ಪೂರ್ತಿ ಈ ಎರಡು ಮಾತಿನಲ್ಲೇ ಮುಗಿಯಿತು.

ಅಂಥವನು ಆಸ್ಪತ್ರೆಯ ಮಂಚದ ಮೇಲೆ, ದನಿ ಇಂಗಿ ಹೋಗಿದ್ದಾಗ, ತನ್ನ ಸಣ್ಣ ರೆಕಾರ್ಡರ್ ತರಿಸಿಕೊಂಡ. ಎಲ್ಲರನ್ನೂ ಆಚೆ ಕಳಿಸಿದ. ಅದರೊಳಗೆ ಏನೋ ಮಾತಾಡಿದ. ನರ್ಸಮ್ಮನ ಕೈಗೆ ಕೊಟ್ಟು, "ಇದು ದೇವೀರಿಗೆ. ಅವಳೊಬ್ಬಳಿಗೇ" ಅಂದ. ಆಮೇಲೆ ಸತ್ತ.

ಏನಂದಿರಬಹುದು? ತಪ್ಪಾಯಿತು ಅಂದನೋ? ನೀನಿದ್ದೆ, ಅದಕ್ಕೇ ಬದುಕಿದೆ ಅಂದನೋ? ಇಲ್ಲ, ವೈರ್ ಸುತ್ತಿಡು ಅಂದನೋ?

ದೇವೀರಮ್ಮನಿಗೆ ಉಂಡ ಅನ್ನ ಮೈಗೆ ಹತ್ತದಾಯಿತು. ರೆಕಾರ್ಡರನ್ನು ಎಡಗಿವಿಗೆ ಒತ್ತಿ ಒತ್ತಿ ಹಿಡಿದಳು. ಉಸ್ ಉಸ್ ಅಂತು, ಅಷ್ಟೇ. ಗಂಡನ ಹೆಡ್‌ಫೋನ್ ಇತ್ತು. ಹೆಂಡತಿಗೆ ಒಂದು ಕುಕ್ಕರ್ ತರದವನು ಎಮ್ಮೆ ಕೊಳ್ಳುವ ದುಡ್ಡಿನಲ್ಲಿ ತನ್ನ ಕಿವಿಗೆ ತಂದುಕೊಂಡಿದ್ದ ಸಾಮಾನು. ಅದನ್ನು ಸಿಕ್ಕಿಸಿ ನೋಡಿದಳು. ಸೊಳ್ಳೆ ಗುಂಯ್ ಅಂದಷ್ಟೇ. ಮನೆಯ ಹಾರ್ನಿಗೆ ಹಾಕಿದರೆ ಅವಳಿಗಿಂತ ಮೊದಲು ಊರಿಗೇ ಕೇಳುತ್ತಿತ್ತು.

ರೇಡಿಯೋ ರಿಪೇರಿಯ ಮುನೀರ್ ಸಾಬರು ನೋಡಿ ಅವಳ ಎಡಗಿವಿಯ ಹತ್ತಿರ ಕೂಗಿ ಹೇಳಿದರು. "ಅಮ್ಮಾ, ಇದು ದೊಡ್ಡ ಹೆಡ್‌ಫೋನು. ಈ ರೆಕಾರ್ಡರಿನ ಕಸುವು ಇದಕ್ಕೆ ಸಾಲದು. ಎರಡು ಪೆಟ್ಟಿಗೆ ಬೇಕು. ದನಿ ಇದರೊಳಗೆ ಬರೀ ಅಂಕಿಯಾಗಿ ಕೂತಿರುತ್ತೆ. ಅದನ್ನ ಮತ್ತೆ ಶುದ್ಧವಾದ ದನಿ ಮಾಡೋದಕ್ಕೆ ಒಂದು ಡಿಜಿಟಲ್ ಕನ್ವರ್ಟರು. ಆ ದನಿಗೆ ಬಲ ಕೊಟ್ಟು ಕಿವಿಗೆ ತಳ್ಳೋದಕ್ಕೆ ಒಂದು ಆಂಪ್ಲಿಫೈಯರು. ಮೈಸೂರಲ್ಲಿ ಸಿಗುತ್ತೆ. ಅಲ್ಲೀವರೆಗೆ ಬೇಕಾದರೆ ಕೊಡಿ, ನಾನೇ ಕೇಳಿ ಹೇಳ್ತೀನಿ."

ದೇವೀರಮ್ಮ ರೆಕಾರ್ಡರನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಗಂಡ ಹೆಂಡತಿಗೆ ಅಂತ ಆಡಿದ್ದು ಬೇರೆಯವರ ಕಿವಿಗೆ ಹಾಕುವುದೇ? ಹೆತ್ತ ಮಗನಿಗೂ ಇಲ್ಲ!

ಕಿವಿಗೆ ಕೇಳಿಸಲಿ ಅಂತ ಕಿವಿಯ ಓಲೆ ಮಾರಿದಳು. ತಾನೇ ಹೋಗುವ ಹಾಗಿರಲಿಲ್ಲ. ಹಿಂದೊಮ್ಮೆ ಕಂಡಕ್ಟರು ಕೂಗಿದ್ದು ಕೇಳಿಸದೆ ಎಲ್ಲೋ ಹೋಗಿ ಇಳಿದು ಅತ್ತುಕೊಂಡು ಬಂದಿದ್ದಳು. ಇನ್ನು ಇದ್ದವನು ಯಾರು? ಹೊಂಬಾಳ.

"ಲೋ, ಮೈಸೂರಿಗೆ ಹೋಗಿ ಆಂಪ್ಲಿಫೈಯರ್ ತಗೊಂಡು ಬಾ. ಹಗುರ ಇದ್ದರೆ ಅದರಲ್ಲಿ ಹೂರಣ ಇಲ್ಲ ಅಂತಿದ್ದ ನಿಮ್ಮಪ್ಪ. ಭಾರ ಇರೋದನ್ನ ನೋಡಿ ತಾ!"

"ಆಗಲವ್ವ. ಭಾರ ಇರೋದು" ಅಂತ ಹೊಂಬಾಳ ಅವಳ ಎಡಗಿವಿಗೆ ಕೂಗಿದ.

ಹೋದ. ಅಂಗಡಿಯವನು "ಏನು ಬೇಕಪ್ಪ?" ಅಂದ. "ಭಾರ ಇರೋದು" ಅಂದ. "ಏನು ಭಾರ ಇರೋದು?" "ಏನಾದರೂ ಸರಿ, ಭಾರ ಇರಬೇಕು!" ಒಂದೊಂದನ್ನೇ ಎತ್ತಿ ಎತ್ತಿ ನೋಡಿದ. ಎತ್ತಲಾರದ್ದನ್ನು ಹೆಗಲ ಮೇಲೆ ಹೊತ್ತು ಬಂದ. ನಡುಮನೆಯಲ್ಲಿ ಧೊಪ್ ಅಂತ ಇಳಿಸಿದ.

ದೇವೀರಮ್ಮ ಸುತ್ತ ತಿರುಗಿ ನೋಡಿದಳು. ಫ್ರಿಜ್ಜಿಗೆ ಹಾಕುವ ಸ್ಟೆಬಿಲೈಸರು!

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಮನೇಲಿ ಫ್ರಿಜ್ ಎಲ್ಲಿದೆಯೋ? ಇದನ್ನ ನನ್ನ ಕಿವಿಗೆ ನೇತು ಹಾಕಲಾ?"

"ಭಾರ ಇದೆ ಅವ್ವ."

"ಹೆಡ್‌ಫೋನಿನ ಪಿನ್ ಹಿಡಿಯೋ ತೂತು ಇರಬೇಡವೇನೋ? ಹೆಡ್‌ಫೋನ್ ಜೊತೇಲಿ ತಗೊಂಡು ಹೋಗು. ಪಿನ್ ಯಾವುದರಲ್ಲಿ ಸರಿಯಾಗಿ ಕೂರುತ್ತೋ ಅದನ್ನ ತಾ!"

"ಆಗಲವ್ವ. ಪಿನ್ ಕೂರೋದು."

ಹೋದ. ಸ್ಟೆಬಿಲೈಸರ್ ವಾಪಸ್ಸು ಕೊಟ್ಟ. ಪಿನ್ ಹಿಡಿದುಕೊಂಡು ಹೊರಟ. ಬಸ್ಸಿನ ಸೀಟಿನ ತೂತಿಗೆ ಹಾಕಿ ನೋಡಿದ, ಸಡಿಲ. ನಲ್ಲಿಯ ಬಾಯಿಗೆ ಹಾಕಿದ, ಬಹಳ ಸಡಿಲ. ಕೊಡೆ ರಿಪೇರಿಯವನ ಹತ್ತಿರ ಕೂತು ಒಂದೊಂದು ಕೊಡೆಗೂ ಹಾಕಿದ, ಬಿಗಿ. ಪಾತ್ರೆ ಅಂಗಡಿಯ ಮುಂದೆ ಒಂದು ಸಾಮಾನಿನ ತೂತಿಗೆ ಹಾಕಿದ. ಆಹಾ! ಹದವಾಗಿ ಕೂತಿತು. ಕುಣಿದುಕೊಂಡು ಮನೆಗೆ ಬಂದ.

"ಕೂತಿತವ್ವ! ಅಲ್ಲಾಡೋದೇ ಇಲ್ಲ!"

ದೇವೀರಮ್ಮ ಬಿಚ್ಚಿ ನೋಡಿದಳು. ಹಿತ್ತಾಳೆಯ ಊದುಬತ್ತಿ ಸ್ಟ್ಯಾಂಡು!

ಅವಳಿಗೆ ಅಳು ಬಂತೋ ನಗು ಬಂತೋ. "ಸರಿ ಕಣಪ್ಪ, ಬಹಳ ಸರಿ! ನಿಮ್ಮಪ್ಪನ ಫೋಟೋಗೆ ಕೈ ಮುಗಿ ಅಂತ ತಂದೆಯಾ? ಬದುಕಿದ್ದಾಗ ಮಾತಾಡದೋನು ಹೊಗೆ ಹಾಕಿದರೆ ಮಾತಾಡ್ತಾನಾ? ಒಂದಲ್ಲ ಕಣೋ, ಎರಡು ಪೆಟ್ಟಿಗೆ ತರಬೇಕು. ಕನ್ವರ್ಟರೂ ಆಂಪ್ಲಿಫೈಯರೂ ಗಂಡ ಹೆಂಡತಿ ಇದ್ದ ಹಾಗಂತೆ, ಒಂದಕ್ಕೊಂದು ಹೊಂದಬೇಕಂತೆ. ಹೊಂದುತ್ತೋ ಇಲ್ಲವೋ ವಿಚಾರಿಸಿ ತಾ!"

"ಆಗಲವ್ವ. ಗಂಡ ಹೆಂಡತಿ. ವಿಚಾರಿಸಿ ತರ್ತೀನಿ."

ಹೋದ. ಈ ಸಲ ಮಾತ್ರ ಕನ್ವರ್ಟರ್ ಕೊಡಿ, ಆಂಪ್ಲಿಫೈಯರ್ ಕೊಡಿ ಅಂತ ನೆಟ್ಟಗೆ ಕೇಳಿದ. ಅಂಗಡಿಯವನು ಎರಡು ಡಬ್ಬ ಕೊಟ್ಟ, ಒಂದು ಸಣ್ಣದು, ಒಂದು ದೊಡ್ಡದು. ಬಸ್ಸಿಳಿದ. ಮನೆಗೆ ಹೋದನೇ? ಇಲ್ಲ! ಗಂಡು ಹೆಣ್ಣಿಗೆ ಹೊಂದುತ್ತೋ ಇಲ್ಲವೋ ವಿಚಾರಿಸುವವರು ಯಾರು? ಸೀದಾ ಜೋಯಿಸರ ಜಗಲಿ ಹತ್ತಿದ.

"ಸ್ವಾಮಿ, ಹೊಂದಾಣಿಕೆ ನೋಡಬೇಕು."

"ಹುಟ್ಟಿದ ತಾರೀಕು?"

"ಡಬ್ಬದ ಮೇಲೆ ಅಚ್ಚು ಹಾಕಿದಾರೆ ಸ್ವಾಮಿ. ಸಣ್ಣದು ಹೆಣ್ಣು, ದೊಡ್ಡದು ಗಂಡು."

ತಟ್ಟೆಗೆ ದಕ್ಷಿಣೆ ಬಿದ್ದ ಮೇಲೆ ಜೋಯಿಸರಿಗೆ ಪೆಟ್ಟಿಗೆಯಾದರೇನು, ಪುಟ್ಟಮ್ಮನಾದರೇನು? ಬೆರಳು ಮಡಚಿದರು, ಬಿಚ್ಚಿದರು, ತಲೆ ಆಡಿಸಿದರು. "ಕೂಡಿ ಬರೋದಿಲ್ಲ. ಷಷ್ಠಾಷ್ಟಕ. ಇಬ್ಬರನ್ನೂ ಒಂದೇ ಸೂರಿನಡಿ ಇಡಬೇಡ."

ಹೊಂಬಾಳ ಹೆಣ್ಣನ್ನು ಜೋಯಿಸರ ಜಗಲಿಯಲ್ಲೇ ಬಿಟ್ಟ. ಗಂಡನ್ನು ಕರೆದುಕೊಂಡು ಮನೆಗೆ ಬಂದ.

ದೇವೀರಮ್ಮ ಆಸೆಯಿಂದ ಕೈ ಚಾಚಿದಳು. "ಇನ್ನೊಂದೆಲ್ಲೋ?"

"ಕೂಡಿ ಬರಲಿಲ್ಲ ಅವ್ವ. ಷಷ್ಠಾಷ್ಟಕ."

ದೇವೀರಮ್ಮ ಅಲ್ಲೇ ಕುಸಿದು ಕೂತಳು. "ಲೋ ಮೂದೇವಿ! ನನಗೂ ನಿಮ್ಮಪ್ಪನಿಗೂ ಹತ್ತಕ್ಕೆ ಹತ್ತು ಕೂಟ ಕೂಡಿ ಬಂದಿದ್ದವು ಕಣೋ! ಇದೇ ಜೋಯಿಸರ ಅಪ್ಪ ನೋಡಿದ್ದು! ಏನು ಸುಖ ಸುರಿದು ಹೋಯ್ತು? ಹೋಗು, ಜಗಲಿ ಮೇಲಿರೋದನ್ನ ಎತ್ತಿಕೋ. ಎರಡನ್ನೂ ಹೆಡ್‌ಫೋನ್ ಜೊತೆ ಅಂಗಡಿಯೋನ ಮುಂದೆ ಇಡು. ಸಾಮಾನಿನ ಸಂಗತಿ ಮಾರೋನಿಗೆ ಗೊತ್ತು, ಪಂಚಾಂಗಕ್ಕಲ್ಲ. ಬಾಯಿ ಸತ್ತೋನ ಹಾಗೆ ನಿಲ್ಲಬೇಡ. ಯಾರಿಗೆ ಬೇಕು, ಯಾಕೆ ಬೇಕು, ಕೇಳಿದೋರಿಗೆ ಎಲ್ಲ ಬಿಡಿಸಿ ಹೇಳು!"

"ಆಗಲವ್ವ. ಕೇಳಿದೋರಿಗೆ ಎಲ್ಲ ಬಿಡಿಸಿ ಹೇಳ್ತೀನಿ."

ಹೋದ. ಬಸ್ಸು ಹತ್ತಿದ. ಕಂಡಕ್ಟರು "ಎಲ್ಲಿಗೆ?" ಅಂತ ಕೇಳಿದ. ಕೇಳಿದನಲ್ಲ!

"ಮೈಸೂರಿಗೆ ಸಾರ್. ನಮ್ಮವ್ವನಿಗೆ ಕಿವಿ ಕೇಳಿಸಲ್ಲ. ನಮ್ಮಪ್ಪ ನಮ್ಮವ್ವನ ಜೊತೆ ಮಾತೇ ಆಡ್ತಿರಲಿಲ್ಲ. ಸಾಯೋವಾಗ ಒಬ್ಬನೇ ಕೂತು ಮಾತಾಡಿದ. ಅವ್ವನಿಗೊಬ್ಬಳಿಗೇ ಅಂತೆ. ಏನಂದ ಅಂತ ತಿಳಿಯದೆ ಅವ್ವ ಅನ್ನ ಬಿಟ್ಟಿದಾಳೆ. ಓಲೆ ಮಾರಿದಾಳೆ."

ಬಸ್ಸಿಗೆ ಬಸ್ಸೇ ಈ ಕಡೆ ತಿರುಗಿತು. ಪಕ್ಕದವಳು "ಅಯ್ಯೋ ಪಾಪ, ಆಮೇಲೆ?" ಅಂದಳು. ಅವಳೂ ಕೇಳಿದಳಲ್ಲ! ಮತ್ತೆ ಮೊದಲಿಂದ ಹೇಳಿದ. ಇಳಿದ ಮೇಲೆ ಎಳನೀರಿನವನು "ಗಂಜಿ ಬೇಕಾ, ನೀರು ಬೇಕಾ?" ಅಂದ. ಅವನಿಗೂ ಹೇಳಿದ.

ಅಂಗಡಿಯವನು ಎಲ್ಲ ಕೇಳಿದ. ಆಮೇಲೆ ಹೆಡ್‌ಫೋನನ್ನು ತಿರುಗಿಸಿ ನೋಡಿದ. "ಇಷ್ಟು ದೊಡ್ಡದಕ್ಕೆ ಈ ಆಂಪ್ಲಿಫೈಯರು ಸಾಲದು, ಮೊದಲೇ ಹೇಳಬಾರದಾ?" ಅಂತ ಅದನ್ನು ತೆಗೆದಿಟ್ಟು ಬಲವಾದದ್ದೊಂದು ಕೊಟ್ಟ. ಕನ್ವರ್ಟರಿಗೂ ಅದಕ್ಕೂ ವೈರ್ ಕೂಡಿಸಿ ತೋರಿಸಿದ. "ನಿಮ್ಮಮ್ಮನಿಗೆ ಇರೋದೇ ಚೂರು ಕಿವಿ. ತಟ್ಟನೆ ಜೋರಾದರೆ ಅದೂ ಹೋಗುತ್ತೆ. ಮೊದಲು ನಿನ್ನ ಕಿವಿಗೆ ಹಾಕಿಕೊಂಡು ಹದ ನೋಡು, ಆಮೇಲೆ ಅವರಿಗೆ ಹಾಕು" ಅಂದ.

ಹೊಂಬಾಳ ಊರು ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಇಳಿದು ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿತ್ತು. ದೇವೀರಮ್ಮ ನೀರಿಗೆ ಹೋದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಗಿರಿಜಕ್ಕ ಮಾತ್ರ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ದೇವೀರಕ್ಕಾ! ಇದ್ದಾಗ ಮಾತಾಡದೋನು ಹೋಗೋವಾಗ ಪ್ರೀತಿ ಮಾತಾಡಿದನಂತಲ್ಲ! ಏನಂದನೋ ತಿಳಿದರೆ ನಮಗೂ ಹೇಳು. ನಮ್ಮ ಗಂಡಂದಿರಿಗೂ ಕಲಿಸಬಹುದು!"

ನಲ್ಲಿಯೂ ನಕ್ಕ ಹಾಗಾಯಿತು. ಇಷ್ಟು ದಿನ ಗಂಡ ಮಾತಾಡಿಸುವುದಿಲ್ಲ ಅನ್ನುವುದನ್ನು ದೇವೀರಮ್ಮ ಹಬ್ಬಕ್ಕೆ ಹೊಸ ಸೀರೆ ಉಟ್ಟು ಮುಚ್ಚಿಕೊಂಡಿದ್ದಳು. ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಬಂದಳು. ಹೊಂಬಾಳ ಬಾಗಿಲಲ್ಲೇ ಸಿಕ್ಕಿದ. ಹಲ್ಲು ಬಿಟ್ಟುಕೊಂಡು, ಎರಡು ಪೆಟ್ಟಿಗೆ ಎತ್ತಿ ತೋರಿಸುತ್ತ.

ಪೊರಕೆ ಎತ್ತಿಕೊಂಡಳು.

"ಮನೆಹಾಳ! ನನ್ನ ಮಾನವನ್ನ ಬಸ್ಸಿಗೆ ಹತ್ತಿಸಿ ಕಳಿಸಿದೆಯಲ್ಲೋ! ಗಂಡ ಹೆಂಡಿರ ಮಾತು ಊರಿನ ಬಾಯಿಗೆ ಹಾಕಿದೆಯಲ್ಲೋ! ಇನ್ನು ಮೇಲೆ ಕಿವಿಗೆ ಬಿದ್ದದ್ದು ಹೊಟ್ಟೇಲಿರಲಿ. ಇನ್ನೊಂದು ಕಿವಿಗೆ ಬೀಳಕೂಡದು! ಯಾರು ಕೇಳಿದರೂ ಹೇಳಬೇಡ. ಹೆತ್ತವಳೇ ಬಂದು ಕಾಲು ಹಿಡಿದರೂ ಬಾಯಿ ಬಿಡಬೇಡ!"

"ಆಗಲವ್ವ," ಅಂದ ಹೊಂಬಾಳ. ಪೊರಕೆಯ ಏಟನ್ನು ಬೆನ್ನಿನಿಂದ ಒರೆಸಿಕೊಂಡ. "ಇನ್ನೊಂದು ಕಿವಿಗೆ ಬೀಳಬಾರದು. ಕಾಲು ಹಿಡಿದರೂ ಬಾಯಿ ಬಿಡಬಾರದು."

ಬೈದು ಬೈದು ದೇವೀರಮ್ಮನಿಗೆ ಸುಸ್ತಾಯಿತು. ಮುಖ ತೊಳೆದಳು. ಹಣೆಗೆ ಏನೂ ಇಡುವ ಹಾಗಿರಲಿಲ್ಲ, ಆದರೂ ಕನ್ನಡಿ ನೋಡಿಕೊಂಡಳು. ತಲೆ ಬಾಚಿಕೊಂಡಳು. ಬಾಗಿಲಿಗೆ ಅಗಳಿ ಹಾಕಿದಳು. ಸೆರಗಿನ ಗಂಟು ಬಿಚ್ಚಿ ರೆಕಾರ್ಡರ್ ಕೊಟ್ಟಳು.

ಹೊಂಬಾಳ ಅಂಗಡಿಯವನು ತೋರಿಸಿದ ಹಾಗೆಯೇ ಮಾಡಿದ. ರೆಕಾರ್ಡರಿನಿಂದ ವೈರು ಕನ್ವರ್ಟರಿಗೆ. ಕನ್ವರ್ಟರಿನಿಂದ ಆಂಪ್ಲಿಫೈಯರಿಗೆ. ಆಂಪ್ಲಿಫೈಯರಿನಿಂದ ಹೆಡ್‌ಫೋನಿಗೆ. ಒಂದು ತಪ್ಪಿಲ್ಲ! ಸಣ್ಣ ಕೆಂಪು ದೀಪ ಹತ್ತಿತು.

"ಹದ ನೋಡಿ ಕೊಡ್ತೀನಿ ಅವ್ವ. ಅಂಗಡಿಯೋರು ಹೇಳಿದಾರೆ, ತಟ್ಟನೆ ಜೋರಾದರೆ ನಿನ್ನ ಕಿವಿ ಹೋಗುತ್ತೆ" ಅಂತ ಕಿರುಚಿ ಹೇಳಿ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡ.

ಒಂದು ಕ್ಷಣ ತಾನೇ ಅಂತ ಅವಳು ಕೈ ಚಾಚಿ ಕೂತಳು. ಹೊಂಬಾಳ ಗುಂಡಿ ತಿರುಗಿಸಿದ. ಇನ್ನೊಂದು ಚೂರು ತಿರುಗಿಸಿದ. ಆಮೇಲೆ ತಿರುಗಿಸಲಿಲ್ಲ. ಅವನ ಬಾಯಿ ಮೆಲ್ಲಗೆ ತೆರೆಯಿತು. ಒಮ್ಮೆ ತಾಯಿಯ ಮುಖ ನೋಡಿದ. ಒಮ್ಮೆ ತಾಯಿಯ ಕೈ ನೋಡಿದ. ಹುಟ್ಟಿದ ಮೇಲೆ ಎಂದೂ ಆ ಕೈಗಳನ್ನು ಅವನು ಹಾಗೆ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಸಾಕು ಕೊಡೋ! ಕೊಡೋ ಇಲ್ಲಿ!"

ಅವನು ಕೊನೆಯವರೆಗೂ ಕೇಳಿದ. ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಅಮುಕಿ ಹಿಡಿದ. ಆಮೇಲೆ ಹೆಡ್‌ಫೋನ್ ಬಿಚ್ಚಿ, ಅವಳ ಕೂದಲು ಸರಿಸಿ, ಕಿವಿಗೆ ನಾಜೂಕಾಗಿ ಇಟ್ಟ.

ದೇವೀರಮ್ಮ ಕಣ್ಣು ಮುಚ್ಚಿದಳು. ಉಸ್ ಅನ್ನಲಿಲ್ಲ. ಗುಂಯ್ ಅನ್ನಲಿಲ್ಲ. ಅಷ್ಟು ಶುದ್ಧವಾಗಿ ಏನೂ ಇಲ್ಲದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಹೆಡ್‌ಫೋನ್ ಕಿತ್ತಳು. "ಏನೂ ಇಲ್ಲವಲ್ಲೋ?"

"ಇಲ್ಲ ಅವ್ವ. ಅಳಿಸಿದೆ. ಬಾಡಿಗೆ ಮುಗಿದ ಮೇಲೆ ಅಪ್ಪ ನನ್ನ ಕೈಲೇ ಅಳಿಸಿಸ್ತಿದ್ದ. ಇನ್ನೊಂದು ಕಿವಿಗೆ ಬೀಳಕೂಡದು ಅಂದೆಯಲ್ಲ!"

ದೇವೀರಮ್ಮ ಪೊರಕೆ ಹುಡುಕಲಿಲ್ಲ. ಬೈಗುಳವೂ ಬರಲಿಲ್ಲ. ಇದ್ದ ಒಂದೇ ದಾರಿ ಎದುರಿಗೆ ಕೂತಿತ್ತು. ದನಿ ಮೆತ್ತಗೆ ಮಾಡಿಕೊಂಡಳು. ಮಗನನ್ನು ಅಷ್ಟು ಮೆತ್ತಗೆ ಅವಳು ಮಾತಾಡಿಸಿ ಎಷ್ಟೋ ವರ್ಷವಾಗಿತ್ತು.

"ಹೋಗಲಿ ಬಿಡಪ್ಪ. ನೀನು ಕೇಳಿದೆಯಲ್ಲ? ಹೇಳು ನನ್ನಪ್ಪ. ಏನಂದ? ನನಗೆ ಏನಂದ?"

ಹೊಂಬಾಳ ಹತ್ತಿರ ಸರಿದ. ಅವಳ ಎಡಗಿವಿಗೆ ಬಾಯಿ ತಂದ. "ಅವ್ವಾ, ಅಪ್ಪ..." ಅಂದ.

ದೇವೀರಮ್ಮನಿಗೆ ತಡೆಯಲಾಗಲಿಲ್ಲ. "ಬೇಗ ಹೇಳೋ, ನಿನ್ನ ಕಾಲು ಹಿಡೀತೀನಿ!" ಅಂತ ಬಗ್ಗಿ ಅವನ ಎರಡೂ ಕಾಲು ಹಿಡಿದುಕೊಂಡಳು.

ಹೊಂಬಾಳ ತಟ್ಟನೆ ಬಾಯಿ ಮುಚ್ಚಿದ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದ. ಅವಳು ಅತ್ತಳು. ಹಣೆಯನ್ನು ಅವನ ಪಾದಕ್ಕೆ ಒತ್ತಿದಳು. ನಾನೇ ಹೇಳ್ತಿದೀನಿ ಕಣೋ, ಬಿಡಿಸಿ ಹೇಳೋ ಅಂದಳು. ಅವನು ಅಲ್ಲಾಡಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ, ಹೇಳಿದ ಕೆಲಸವನ್ನು ಒಂದು ಚೂರೂ ತಪ್ಪದೆ ಮಾಡುತ್ತಿದ್ದೇನೆ ಅಂತ ಅವನ ಮುಖ ಬೆಳಗುತ್ತಿತ್ತು. ಕೊನೆಗೆ ಬೆರಳ ಸಂದಿಯಿಂದ ಕೇಳಿದ:

"ನೋಡಿದೆಯಾ ಅವ್ವ? ನೀನೇ ಕಾಲು ಹಿಡಿದೆ. ನಾನು ಬಾಯಿ ಬಿಟ್ಟೆನಾ?"