ಮಳೆಗೆ ಮುನ್ನ ತೋಡಿದ ಕಾಲುವೆ

ಪರಮಪೂಜ್ಯ ಬಾಳವ್ವ ತಾಯಿಯವರು ನಮ್ಮೂರ ಕೆರೆಯ ಏರಿಯ ಮೇಲೆ, ಜೋಳದ ಸೊಪ್ಪೆಯ ಗುಡಿಸಿಲಿನಲ್ಲಿ ವಾಸವಾಗಿದ್ದರು. ಇಡೀ ಊರು ಕುಡಿಯುತ್ತಿದ್ದುದು ಆ ಕೆರೆಯ ನೀರನ್ನೇ. ಕೆರೆಯೊಳಗೆ ಹೂಳು ಸೊಂಟದೆತ್ತರ ತುಂಬಿತ್ತಾದ್ದರಿಂದ, ತಾಯಿಯವರು ದರ್ಶನಕ್ಕೆ ಬಂದವರಿಂದ ಕಾಯಿ ಕರ್ಪೂರ ಸ್ವೀಕರಿಸದೆ, ಒಂದು ಬುಟ್ಟಿ ಹೂಳು ಹೊರಿಸಿಯೇ ಆಶೀರ್ವದಿಸುತ್ತಿದ್ದರು.

ಒಂದು ವರ್ಷ ಕೆರೆಯ ಮೇಲ್ಗಡೆಯ ಹುಲ್ಲಿನ ಇಳಿಜಾರನ್ನು ಅದರ ಒಡೆಯರಾದ ಅಡಿವೆಪ್ಪನವರು ನೇಗಿಲು ಹೊಡೆಸಿ ಹೊಲ ಮಾಡಿದರು. ಗೊಬ್ಬರವಾಗಲೆಂದು ಹತ್ತು ದಿನ ಅಲ್ಲಿ ನಾನೂರು ಕುರಿಗಳನ್ನು ತರುಬಿಸಿದರು. ಹನ್ನೊಂದನೆಯ ದಿನ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಮಳೆ ಬಿದ್ದರೆ ಸಡಿಲ ಮಣ್ಣೂ ಕುರಿಹಿಕ್ಕೆಯೂ ನೇರವಾಗಿ ಕೆರೆಗೆ ಇಳಿಯುವುದು ನಿಶ್ಚಿತವಾಗಿತ್ತು.

ತಾಯಿಯವರು ಗುದ್ದಲಿ ಹಿಡಿದು ಹೊಲದ ಕೆಳಅಂಚಿನಲ್ಲಿ ಅಡ್ಡಲಾಗಿ ಕಾಲುವೆ ತೋಡತೊಡಗಿದರು. ಸುದ್ದಿ ತಿಳಿದ ಅಡಿವೆಪ್ಪನವರು ಓಡಿಬಂದರು.

"ಅವ್ವಾರ, ನನ್ನ ಹೊಲದಾಗ ನಿಧಿ ಹುಡುಕಾಕ ಹತ್ತೀರೇನು?"

ತಾಯಿಯವರು ತೋಡುತ್ತಲೇ, ಮಳೆ ಬಂದರೆ ಹಿಕ್ಕೆಯೆಲ್ಲ ಕೆರೆಗೆ ಇಳಿಯುತ್ತದೆಂದರು. ಹೊಲ ತಮ್ಮದು, ಹಿಕ್ಕೆಯೂ ತಮ್ಮದು, ಬಿತ್ತನೆಗೆ ಹದವಾದ ನೆಲವನ್ನು ಕೆಡಿಸಬಾರದೆಂದು ಅಡಿವೆಪ್ಪನವರು ಗದರಿದರು. ಗುಡುಗು ಸಮೀಪಿಸಿತು. ಕಡೆಗೆ ಅಡಿವೆಪ್ಪನವರು ಗುದ್ದಲಿಯ ಕಾವನ್ನೇ ಹಿಡಿದು ನಿಲ್ಲಿಸಿದರು.

"ಕೆರಿ ಗಂಗವ್ವಗ ಮೈಲಿಗಿ ತಟ್ಟೂದಿಲ್ಲಂತ ನೀವ ಹೇಳೀರಲ್ಲ?"

"ಗಂಗವ್ವಗ ತಟ್ಟೂದಿಲ್ಲಪ್ಪಾ," ಎಂದರು ತಾಯಿಯವರು. "ನಾಳಿ ಅದನ್ನ ಕುಡಿಯೂ ಕೂಸಿಗೆ ತಟ್ಟತೈತಿ."

ಮರುದಿನ ಅಡಿವೆಪ್ಪನವರ ಬಾಣಂತಿ ಸೊಸೆಯ ಗಂಗೆಪೂಜೆಯಿತ್ತು. ಕೆರೆಯಿಂದ ತುಂಬಿ ತಂದ ಮೊದಲ ಕೊಡದ ಎರಡು ಹನಿಯನ್ನು ಕೂಸಿನ ಬಾಯಿಗೆ ಬಿಡುವುದು ಆ ಮನೆಯ ಪದ್ಧತಿ. ಆ ಸೊಸೆಯೇ ನನ್ನ ಅತ್ತೆಯವರು. ಇದೆಲ್ಲವನ್ನೂ ನಾನು ಕೇಳಿದ್ದು ಅವರಿಂದಲೇ.

ಅಡಿವೆಪ್ಪನವರ ಕೈ ಕಾವಿನ ಮೇಲೆಯೇ ಉಳಿಯಿತು. ಬಳಿಕ ಅವರು ಗುದ್ದಲಿಯನ್ನು ತಾವೇ ತೆಗೆದುಕೊಂಡು, ಕುರಿಗಾರರನ್ನು ಕೂಗಿ ಕರೆದರು. ಕಾಲುವೆ ಹೊಲದ ಇನ್ನೊಂದು ಅಂಚು ಮುಟ್ಟುವಷ್ಟರಲ್ಲಿ ಮಳೆ ಅಪ್ಪಳಿಸಿತು. ಕೆಂಪು ರಾಡಿ ಧುಮುಕಿ ಬಂದು ಕಾಲುವೆಯನ್ನು ತುಂಬಿತು. ಕೆಳಬದಿಯ ಒಡ್ಡು ಒಂದು ಕಡೆ ಕುಸಿಯಿತು. ಅಡಿವೆಪ್ಪನವರು ದನಗಳಿಗೆಂದು ಬಣವೆಯಲ್ಲಿ ಕೂಡಿಟ್ಟ ಸೊಪ್ಪೆಯ ಸಿವುಡುಗಳನ್ನು ಹೊತ್ತು ತಂದು ಆ ಬಾಯಿಗೆ ಒತ್ತಿ, ಮಳೆ ನಿಲ್ಲುವವರೆಗೂ ಅವುಗಳಿಗೆ ಬೆನ್ನು ಕೊಟ್ಟು ಕುಳಿತರು. ಮಗ್ಗುಲಲ್ಲಿ ತಾಯಿಯವರೂ ಕುಳಿತಿದ್ದರು.

ಬೆಳಿಗ್ಗೆ ಸೊಸೆ ಪೂಜೆ ಮುಗಿಸಿ ಕೊಡ ಎತ್ತಿದಾಗ ಅಡಿವೆಪ್ಪನವರು, "ತಡಿಯವ್ವಾ," ಎಂದರು. ಕೆರೆಗಿಳಿದು ಒಂದು ಬೊಗಸೆ ನೀರನ್ನು ಮೊದಲು ತಾವು ಕುಡಿದರು. ಅನಂತರವೇ ಅವಳಿಗೆ ದಾರಿ ಬಿಟ್ಟರು.

ಆ ಹೊಲವನ್ನು ಅವರು ಬಿತ್ತಲಿಲ್ಲ. ಮಳೆಗಾಲವಿಡೀ ಬರಿಗಾಲಿನಲ್ಲಿ ನಿಂತು, ಸಾಲುಸಾಲಾಗಿ ಹುಲ್ಲಿನ ಬೇರುಗಳನ್ನು ಊರಿದರು.