ಕವಳೆಗೆ ಜೋಡಿಮುಳ್ಳು ಬಂದದ್ದು, ಬೇಲಿ ಆಚೆ ಸರಿದದ್ದು

ಕವಳೆ ಗಿಡಕ್ಕೆ ಮನುಷ್ಯರು ಅನ್ಯಾಯ ಮಾಡಿದರು. ಅದರ ಬೆನ್ನಿನ ಮರೆಯಲ್ಲಿ ಬದುಕಿದರು, ಅದನ್ನೇ ಹೊರಗೆ ನಿಲ್ಲಿಸಿದರು. ಕಥೆ ಹೇಳುವವರು ಈ ಮಾತಿಗೆ ಬಂದಾಗ ದನಿ ತಗ್ಗಿಸಿ, ಆಗಿನ ಕಾಲ ಹಾಗಿತ್ತು ಮಗು, ಎಂದು ಜಾರಿಕೊಳ್ಳುತ್ತಾರೆ. ಕಾಲ ಯಾರನ್ನೂ ಹೊರಗೆ ಹಾಕುವುದಿಲ್ಲ. ಹೊರಗೆ ಹಾಕಿದವರಿಗೆ ಕೈಕಾಲು ಇರುತ್ತವೆ, ಹೆಸರೂ ಇರುತ್ತದೆ. ಈ ಕಥೆಯಲ್ಲಿ ಆ ಹೆಸರು ಬೊಮ್ಮಜ್ಜ.

ಆಗ ಲೋಕ ಹೊಸದು. ಬಂಡೆಗಳನ್ನು ಮುಟ್ಟಿದರೆ ಇನ್ನೂ ಬೆಚ್ಚಗಿದ್ದವು. ಹೊಳೆ ತಾನು ಯಾವ ಕಡೆ ಹರಿಯಬೇಕೆಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಗಿಡಗಳಿಗೆ ಮಾತು ಬರುತ್ತಿತ್ತು, ನಡೆಯಲೂ ಬರುತ್ತಿತ್ತು. ಹಿಡಿಸಿದ ಕಡೆ ಬೇರು ಬಿಡುತ್ತಿದ್ದವು, ಬೇಸರವಾದರೆ ಬೇರು ಕೊಡವಿ ಎದ್ದು ಹೋಗುತ್ತಿದ್ದವು.

ಗಾಳಿಗುಡ್ಡದ ನೆತ್ತಿಯ ಮೇಲೆ ಒಂದು ಸಣ್ಣ ಹಟ್ಟಿ ಇತ್ತು. ಬೊಮ್ಮಜ್ಜ ಆ ಹಟ್ಟಿಯ ಯಜಮಾನ. ಎಲ್ಲ ಮನೆಗಳಿಗೂ ಸೇರಿ ಒಂದೇ ಹಿತ್ತಲು. ಬೊಮ್ಮಜ್ಜ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಒಣಕೋಲು ಹುಗಿಸಿ ಬೇಲಿ ಮಾಡಿಸಿದ. ಒಂದು ಕಟ್ಟಳೆಯನ್ನೂ ಮಾಡಿದ. ಬೇಲಿಯ ಒಳಗಿನ ಗಿಡ ಮನೆಯ ಮಗು. ಅದಕ್ಕೆ ದಿನವೂ ಅಕ್ಕಿ ತೊಳೆದ ನೀರು, ಒಲೆಯ ಬೂದಿ. ಬೇಲಿಯ ಆಚೆಯದಕ್ಕೆ ಏನೂ ಇಲ್ಲ.

ಸುದ್ದಿ ಕೇಳಿ ಗಿಡಗಳು ಗುಡ್ಡ ಹತ್ತಿ ಬಂದವು. ಬಾಳೆ ಬಂದು, ಉಣ್ಣಲು ಎಲೆ ಕೊಡುತ್ತೇನೆ ಅಂದಿತು. ಮಲ್ಲಿಗೆ ಬಂದು, ಮುಡಿಯಲು ಹೂ ಕೊಡುತ್ತೇನೆ ಅಂದಿತು. ಬಸಳೆ ಬಂತು, ಸೋರೆ ಬಂತು. ಎಲ್ಲರೂ ಒಳಗೆ ಹೋದರು.

ಕೊನೆಗೆ ಕವಳೆ ಬಂತು. ಗಿಡ್ಡ ಗಿಡ, ಗಟ್ಟಿ ಎಲೆ. ಆಗ ಅದಕ್ಕೆ ಮುಳ್ಳಿರಲಿಲ್ಲ, ಹಾಲಿರಲಿಲ್ಲ. ಹಣ್ಣೂ ಇರಲಿಲ್ಲ.

"ನೀನೇನು ಕೊಡ್ತೀಯ?" ಎಂದು ಬೊಮ್ಮಜ್ಜ ಕೇಳಿದ.

"ಈಗ ಕೈಯಲ್ಲಿ ಏನೂ ಇಲ್ಲ. ಆದರೆ ಎಂಥ ಚಳಿಯಲ್ಲೂ ನಿಲ್ತೀನಿ."

"ನಿಲ್ಲೋದೂ ಒಂದು ಕೆಲಸವಾ? ನಿಲ್ಲೋದಾದರೆ ಆಚೆ ನಿಲ್ಲು."

ಬಾಳೆ ನಕ್ಕಿತು. ನಗುವಾಗ ಅದರ ಎಲೆಯೆಲ್ಲ ಅಲ್ಲಾಡಿತು. ಕವಳೆ ಬೇಲಿಯ ಆಚೆಯ ಇಳಿಜಾರಿನಲ್ಲಿ, ಗಾಳಿ ಬರುವ ಕಡೆ ಮುಖ ಮಾಡಿ ನಿಂತಿತು.

ಮಾಗಿ ಬಂತು. ಬಡಗಣದಿಂದ ಚಳಿಗಾಳಿ ಎದ್ದು ಬಂತು. ಕವಳೆ ನಿಂತಿತ್ತು. ಒಂಟಿ ಗಿಡ ಎಷ್ಟು ತಡೆದೀತು? ಅದರ ಬೆನ್ನಿನ ಮರೆಗೆ ಸಿಕ್ಕಿದ ಒಂದು ಬಸಳೆ ಬಳ್ಳಿ ಮಾತ್ರ ಉಳಿಯಿತು. ಮಿಕ್ಕ ಹಿತ್ತಲೆಲ್ಲ ಬೆಂದ ಸೊಪ್ಪಿನಂತೆ ಜೋತುಬಿತ್ತು. ಬಾಳೆಯ ಬುಡವಷ್ಟೇ ಮಿಕ್ಕಿತು. ಅದು ಆಮೇಲೆ ನಗಲಿಲ್ಲ.

ಮರುವರ್ಷವೂ ಹಾಗೇ ಆಯಿತು. ಹಟ್ಟಿಯವರು ಗೆಡ್ಡೆ ಗೆಣಸು ಅಗೆದು ತಿಂದು ದಿನ ನೂಕಿದರು. ಬೊಮ್ಮಜ್ಜ ಎಲ್ಲರನ್ನೂ ಕೂರಿಸಿಕೊಂಡು ತನ್ನ ತೀರ್ಮಾನ ಹೇಳಿದ. ಬರುವ ಮಾಗಿ ಕಳೆದು ಬೇವು ಚಿಗುರುವ ಹೊತ್ತಿಗೆ ಹಿತ್ತಲು ಹಸಿರಾಗಿ ಉಳಿದಿದ್ದರೆ ಸರಿ. ಇಲ್ಲದಿದ್ದರೆ ಗುಡ್ಡ ಬಿಟ್ಟು ಕೆಳಗಿನ ಬಯಲಿಗೆ ಹೋಗುವುದು.

ಬೊಮ್ಮಜ್ಜನ ಸೊಸೆ ದುಗ್ಗವ್ವ ಎದ್ದು ನಿಂತಳು. ಅವಳ ಬಾಯಿಗೆ ಹಟ್ಟಿಯಲ್ಲಿ ಎಲ್ಲರೂ ಹೆದರುತ್ತಿದ್ದರು. ಅವಳು ಕೇಳಿದ್ದು ಒಂದೇ ಮಾತು.

"ಬಯಲಲ್ಲಿ ಆಗಲೇ ಜನ ಇದ್ದಾರೆ. ಅವರೂ ಗೆರೆ ಎಳೆದಿದ್ದಾರೆ. ನಮ್ಮನ್ನ ಎಲ್ಲಿ ನಿಲ್ಲಿಸ್ತಾರೆ ಮಾವ?"

ಬೊಮ್ಮಜ್ಜ ನೆಲ ನೋಡಿದ. ಬೇಲಿಯ ಆಚೆ ಎಂದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ದುಗ್ಗವ್ವ ಸಿಟ್ಟಿನಿಂದ ಹಿತ್ತಲಿಗೆ ಹೋದಳು. ಒಳಗೆ ಆ ಬಸಳೆ ಬಳ್ಳಿಯೊಂದು ಬಿಟ್ಟರೆ ಎಲ್ಲ ಬೋಳು. ಬೇಲಿಯ ಆಚೆ ಕಣ್ಣು ಹಾಯಿಸಿದರೆ, ಗಿಡ್ಡ ಗಿಡವೊಂದು ಹಸಿರಾಗಿ ನಿಂತಿತ್ತು. ಇಷ್ಟು ದಿನ ಅದು ಅಲ್ಲೇ ಇತ್ತು. ಇಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ. ಅವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಬೇಲಿಯ ಕೋಲೊಂದನ್ನು ಕಿತ್ತು ದಾರಿ ಮಾಡಿ, ಒಳಗೆ ಬಾರವ್ವ ಎಂದು ಕರೆದಳು. ಕವಳೆಗೆ ನಂಬಿಕೆ ಬರಲಿಲ್ಲ. ಅತ್ತಿತ್ತ ನೋಡಿತು. ಆಮೇಲೆ ಬೇರು ಕೊಡವಿಕೊಂಡು ಒಳಗೆ ಬಂತು.

ದುಗ್ಗವ್ವ ಅದಕ್ಕೆ ಒಳ್ಳೆಯ ಜಾಗವನ್ನೇ ಹುಡುಕಿದಳು. ಬಚ್ಚಲ ಪಕ್ಕ, ನೀರೊಲೆಯ ಬಿಸಿ ತಾಕುವ ಗೋಡೆಯ ಬುಡ. ಬಾಣಂತಿಯನ್ನು ನೋಡಿಕೊಳ್ಳುವಂತೆ ನೋಡಿಕೊಂಡಳು. ಸುತ್ತ ಹುಲ್ಲು ಹೊದಿಸಿದಳು, ಮೇಲೆ ಕಂಬಳಿ ಹಾಕಿದಳು. ಬಚ್ಚಲ ಬೆಚ್ಚನೆಯ ನೀರು ಬುಡದಲ್ಲಿ ಸದಾ ನಿಲ್ಲುವಂತೆ ಮಾಡಿದಳು.

ಕವಳೆಯ ಎಲೆ ಹಳದಿಯಾಯಿತು. ಬುಡ ಕೊಳೆಯತೊಡಗಿತು. ಅತ್ತ ಬೇಲಿಯ ಆಚೆ ಯಾರೂ ಇಲ್ಲದ್ದು ನೋಡಿ, ಮಾಗಿಯ ಮೊದಲ ಗಾಳಿ ನೆಟ್ಟಗೆ ಒಳನುಗ್ಗಿತು. ಎರಡು ಮಾಗಿ ಉಳಿದಿದ್ದ ಆ ಬಸಳೆ ಬಳ್ಳಿಯೂ ಸತ್ತಿತು.

ದುಗ್ಗವ್ವ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ನಿನಗೆ ಇನ್ನೇನು ಮಾಡಲಿ ಎಂದು ಕೇಳಿದಳು. ಹೊದಿಸಿದೆ, ಬಿಸಿನೀರು ಕೊಟ್ಟೆ, ಮನೆಯವರಿಗೂ ಇಷ್ಟು ಮಾಡಲಿಲ್ಲ ಎಂದಳು.

ಕವಳೆ ಕಂಬಳಿಯ ಒಳಗಿನಿಂದ ಹೇಳಿತು: "ಅಕ್ಕಾ, ನನಗೆ ಚಳಿ ತೊಂದರೆ ಕೊಡಲಿಲ್ಲ. ಚಳಿ ನನಗೆ ಗೊತ್ತು. ನಿಮ್ಮ ಬೇಲಿ ತೊಂದರೆ ಕೊಟ್ಟಿತು. ಈಗ ನಿನ್ನ ಕನಿಕರ ಕೊಲ್ತಾ ಇದೆ."

"ಮತ್ತೆ ಏನು ಬೇಕು ನಿನಗೆ?"

"ನಾನು ಬಿಸಿಲಿಗೆ ನಿಲ್ಲಬೇಕು. ಗಾಳಿಗೆ ನಿಲ್ಲಬೇಕು. ನೀರು ನಿಲ್ಲದ ಇಳಿಜಾರಲ್ಲಿ ನಿಲ್ಲಬೇಕು. ನಾನು ಬೇಲಿಯ ಒಳಗೆ ಬರೋದು ಬೇಡ. ನಾನು ನಿಂತ ಕಡೆಗೆ ಬೇಲಿ ಬರಲಿ."

ದುಗ್ಗವ್ವ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಹಟ್ಟಿಯವರು ಅದೇ ಮೊದಲು ನೋಡಿದ್ದು.

ಬೆಳಗಾಗುತ್ತಲೇ ಅವಳು ಬೇಲಿಯ ಕೋಲುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಬೊಮ್ಮಜ್ಜ ಓಡಿಬಂದ. ಹಿರಿಯರ ಕಟ್ಟಳೆ ಮುರಿಯುತ್ತೀಯಾ, ಈ ಗೆರೆ ಗುಡ್ಡ ಹುಟ್ಟಿದಾಗಿನಿಂದ ಇದೆ ಎಂದು ಕೂಗಾಡಿದ.

"ಗುಡ್ಡ ಹುಟ್ಟಿದಾಗ ಗೆರೆ ಇರಲಿಲ್ಲ ಮಾವ. ನೀವು ಎಳೆದಿರಿ, ನಾನು ನೋಡಿದೀನಿ. ನಿಮ್ಮ ಕೋಲು ಇನ್ನೂ ನಿಮ್ಮ ಕೈಲೇ ಇದೆ."

ಬೊಮ್ಮಜ್ಜ ತನ್ನ ಕೈಯ ಕೋಲು ನೋಡಿಕೊಂಡ. ಬೇವು ಚಿಗುರಲಿ, ಆಮೇಲೆ ಮಾತಾಡುತ್ತೇನೆ ಎಂದು ಗೊಣಗುತ್ತ ಹೋದ.

ಕವಳೆ ತನ್ನ ಹಳೆಯ ಇಳಿಜಾರಿಗೆ ಹೋಗಿ ನಿಂತಿತು. ದುಗ್ಗವ್ವ ಬೇಲಿಯ ಗೂಟಗಳನ್ನು ಅದರ ಆಚೆ ಬದಿಗೆ ಹುಗಿದಳು. ಈಗ ಕವಳೆ ಇದ್ದಲ್ಲೇ ಇತ್ತು, ಆದರೆ ಮನೆಯ ಮಗುವಾಗಿತ್ತು. ಅವಳು ಅಕ್ಕಿ ತೊಳೆದ ಬೆಳ್ಳನೆಯ ನೀರು ತಂದು ಅದರ ಬುಡಕ್ಕೆ ಹೊಯ್ದಳು. ಒಲೆಯ ಬೂದಿ ತಂದು ಉದುರಿಸಿದಳು. ಬೂದಿಯಲ್ಲಿ ಇನ್ನೂ ಆರದ ಕೆಂಡದ ಚೂರುಗಳಿದ್ದವು, ಇದ್ದಿಲ ಚೂರುಗಳಿದ್ದವು. ಕವಳೆ ಎಲ್ಲವನ್ನೂ ಬೇರಿನಿಂದ ಮೆಲ್ಲಗೆ ಮುಟ್ಟಿ ನೋಡಿತು. ಯಾರೂ ಅದಕ್ಕೆ ಈವರೆಗೆ ಏನೂ ಕೊಟ್ಟಿರಲಿಲ್ಲ.

"ಗುಡ್ಡದ ಆ ಮಗ್ಗುಲಲ್ಲಿ ನನ್ನ ಅಕ್ಕತಂಗಿಯರಿದ್ದಾರೆ. ಅವರೂ ಹೊರಗೇ ನಿಂತವರು. ಕರೆಯಲಾ?" ಎಂದು ಕೇಳಿತು.

ಕರಿ, ಬೇಲಿ ಇನ್ನಷ್ಟು ಉದ್ದ ಮಾಡುತ್ತೇನೆ ಎಂದಳು ದುಗ್ಗವ್ವ.

ಅವರು ಬಂದರು. ಇಳಿಜಾರಿನುದ್ದಕ್ಕೂ ಸಾಲಾಗಿ ನಿಂತು, ಕೊಂಬೆಗೆ ಕೊಂಬೆ ಹೆಣೆದುಕೊಂಡರು. ಪ್ರತಿಯೊಬ್ಬರಿಗೂ ಅಕ್ಕಿ ತೊಳೆದ ನೀರು ಸಿಕ್ಕಿತು. ಪ್ರತಿಯೊಬ್ಬರಿಗೂ ಬೂದಿ ಸಿಕ್ಕಿತು. ಹಟ್ಟಿಯ ಹೆಂಗಸರೆಲ್ಲ ಕೊಡ ಹಿಡಿದು ಬಂದರು. ಹಿತ್ತಲಿಗೆ ಮತ್ತೆ ಬೀಜ ಹಾಕಿದರು, ಮಲ್ಲಿಗೆಯ ಕಡ್ಡಿ ನೆಟ್ಟರು, ಬಾಳೆಯ ಬುಡ ಮತ್ತೆ ಸುಳಿ ಬಿಟ್ಟಿತು.

ನಡುಮಾಗಿಯ ಗಾಳಿ ಬಂತು. ಬಂದು ಇಳಿಜಾರಿನಲ್ಲಿ ತಡೆದು ನಿಂತಿತು.

"ದಾರಿ ಬಿಡಿ," ಅಂದಿತು ಗಾಳಿ. "ನಿಮ್ಮನ್ನ ಹೊರಗೆ ಹಾಕಿದ ಜನರಿಗೋಸ್ಕರ ಯಾಕೆ ಸಾಯ್ತೀರಿ?"

"ಅವರಿಗೋಸ್ಕರ ಅಲ್ಲ. ಇದು ನಮ್ಮ ಹಿತ್ತಲು," ಅಂದಿತು ಕವಳೆ.

ಗಾಳಿ ಸಿಟ್ಟಿನಿಂದ ಮೇಲೆ ಬಿತ್ತು. ಕವಳೆಗಳು ಪ್ರತಿ ಗೆಣ್ಣಿನಿಂದಲೂ ಎರಡೆರಡು ಬೆರಳು ಚಾಚಿ, ಅಲ್ಲೇ ನಿಲ್ಲು ಅಂದವು. ಚಾಚಿದ ಬೆರಳುಗಳ ಮೇಲೆ ಗಾಳಿ ತನ್ನ ಚಳಿಯನ್ನೆಲ್ಲ ಸುರಿಯಿತು. ಬೆರಳು ಸೆಟೆದವು, ಒಣಗಿದವು, ಸೂಜಿಯಂತೆ ಚೂಪಾದವು. ಯಾರೂ ಕೈ ಹಿಂದೆ ತೆಗೆಯಲಿಲ್ಲ. ಆ ಬೆರಳುಗಳ ನಡುವೆ ನುಸುಳಿದ ಗಾಳಿ ಚಿಂದಿ ಚಿಂದಿಯಾಗಿ ಈಚೆ ಬಿತ್ತು. ಬಾಳೆಯ ಸುಳಿಯನ್ನು ಮುಟ್ಟುವ ಹೊತ್ತಿಗೆ ಅದು ಬರೀ ತಂಪಾಗಿತ್ತು.

ಬೇವು ಚಿಗುರಿತು. ಬಸಳೆ ಹಬ್ಬಿತ್ತು, ಸೋರೆ ಹೂ ಬಿಟ್ಟಿತ್ತು. ಕವಳೆಯ ಸಾಲಿನ ತುಂಬ ಬಿಳಿಯ ಹೂ ಅರಳಿ, ಸಂಜೆ ಹೊತ್ತಿಗೆ ಮಲ್ಲಿಗೆಯೇ ಮೂಗೆತ್ತಿ ನೋಡುವಂಥ ಕಂಪು ಬರುತ್ತಿತ್ತು. ಹೂ ಉದುರಿದ ಕಡೆ ಹಸಿರು ಕಾಯಿ ಕಚ್ಚಿತ್ತು.

ತೀರ್ಮಾನದ ದಿನ ಎಲ್ಲರೂ ಹಿತ್ತಲಲ್ಲಿ ಸೇರಿದರು. ಬೊಮ್ಮಜ್ಜನಿಗೆ ಸೋಲು ಒಪ್ಪಲು ಮನಸ್ಸಿಲ್ಲ. ಹಿತ್ತಲು ಹಸಿರಾದರೇನು, ಈ ಹೊರಗಿನ ಗಿಡದಿಂದ ತಿನ್ನುವುದಕ್ಕೆ ಏನು ಸಿಗುತ್ತದೆ ಎಂದು ಹೇಳುತ್ತಲೇ ಒಂದು ಎಳೆಗಾಯಿ ಕಿತ್ತು ಕಚಕ್ಕನೆ ಕಚ್ಚಿದ. ಕಾಯಿಯೊಳಗಿಂದ ಬೆಳ್ಳನೆಯ ಹಾಲು ಒಸರಿತು. ದುಗ್ಗವ್ವ ಹೊಯ್ದ ಅಕ್ಕಿ ತೊಳೆದ ನೀರನ್ನು ಗಿಡ ಮರೆತಿರಲಿಲ್ಲ. ಹುಳಿಗೆ ಅಜ್ಜನ ಕಣ್ಣು ಮುಚ್ಚಿತು. ಹಾಲಿಗೆ ತುಟಿ ಅಂಟಿತು. ಗುಡ್ಡ ಬಿಡೋಣ ಎನ್ನಲು ಬಾಯಿ ತೆರೆಯಹೋದ, ತುಟಿ ಬಿಚ್ಚಲಿಲ್ಲ.

"ಯಜಮಾನರು ಒಪ್ಪಿಕೊಂಡರು," ಎಂದಳು ದುಗ್ಗವ್ವ.

ಹಟ್ಟಿಯೆಲ್ಲ ನಕ್ಕಿತು. ಬೊಮ್ಮಜ್ಜ ಉಮ್ ಉಮ್ ಎಂದು ಏನೋ ಹೇಳಲು ನೋಡಿದ. ಕೊನೆಗೆ ಅವನ ಭುಜವೂ ನಗುವಿನಿಂದ ಕುಲುಕಿತು. ಅವನು ಹಳೆಯ ಗೆರೆಯ ಹತ್ತಿರ ಹೋಗಿ, ದುಗ್ಗವ್ವ ಕೀಳದೆ ಬಿಟ್ಟಿದ್ದ ಒಂದೇ ಒಂದು ಕೋಲನ್ನು ತಾನೇ ಕಿತ್ತ. ಕಾಲಿನಿಂದ ಗೆರೆ ಅಳಿಸಿದ.

ಬಿಸಿಲು ಬಲಿತಂತೆ ಕಾಯಿಗಳು ಕೆಂಡದಂತೆ ಕೆಂಪಾದವು, ಆಮೇಲೆ ಇದ್ದಿಲಿನಂತೆ ಕಪ್ಪಾಗಿ ಸಿಹಿಯಾದವು. ಒಲೆಯ ಬೂದಿಯನ್ನೂ ಗಿಡ ಮರೆತಿರಲಿಲ್ಲ. ಯಾರೂ ಗುಡ್ಡ ಇಳಿಯಲಿಲ್ಲ. ಕವಳೆಗಳೂ ಹೆಣೆದ ಕೊಂಬೆ ಬಿಡಿಸಿಕೊಂಡು ಎಲ್ಲಿಗೂ ಹೋಗಲಿಲ್ಲ. ಅವುಗಳನ್ನು ನೋಡಿ ಮಿಕ್ಕ ಗಿಡಗಳೂ ನಡೆಯುವುದನ್ನು ಬಿಟ್ಟವು.

ಇವತ್ತು ನೀನು ಕವಳೆ ಕೀಳುವಾಗ ಬೆರಳಿಗೆ ಅಂಟುವ ಹಾಲು ಅದೇ ಅಕ್ಕಿ ತೊಳೆದ ನೀರು, ನಿನ್ನ ಕೈ ಗೀಚುವ ಜೋಡಿಮುಳ್ಳು ಅಂದು ಗಾಳಿಗೆ ಅಡ್ಡ ಹಿಡಿದು ಸೆಟೆದ ಆ ಎರಡು ಬೆರಳು.

ಕೇಳಿದೆಯಲ್ಲ, ಈಗ ಏಳು. ಹಣ್ಣು ತಿಂದು ಬೀಜವನ್ನು ಬೀದಿಗೆ ಉಗಿಯಬೇಡ, ಒಣಗಲು ಬಿಡದೆ ಮಣ್ಣಿಗೆ ಹಾಕು. ಸಸಿ ಗೇಣುದ್ದವಾದ ಮೇಲೆ ಮಳೆ ಹಿಡಿಯುವ ಹೊತ್ತಿಗೆ ಹಿತ್ತಲ ಅಂಚಿನಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಕಡೆ ನೆಡು. ಬೇರು ಹಿಡಿಯುವ ತನಕ ಮನೆಯಲ್ಲಿ ಅಕ್ಕಿ ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ ಅದಕ್ಕೆ ಹೊಯ್ಯಿ. ಆಮೇಲೆ ತಲೆಯೆತ್ತಿ ನೋಡು, ನಿನ್ನ ಬೇಲಿಯ ಆಚೆ ಯಾರು ನಿಂತಿದ್ದಾರೆ ಅಂತ. ಅವರನ್ನು ಕಂಬಳಿ ಹೊದಿಸಲು ಕರೆಯಬೇಡ. ಬೇಲಿಯನ್ನು ಕಿತ್ತು ಅವರ ಆಚೆಗೆ ಹುಗಿ.